ಟವರ್ ಸರಿಯಿದ್ದರೂ ಫೋನ್ ಸತ್ತು ಹೋಗುವುದು ಯಾಕೆ?

ಕೇಳುಗರೆ, ನಮಸ್ಕಾರ. ಫೋನ್ ಹೋಗದಿದ್ದರೆ ನಾವೆಲ್ಲ ಮೊದಲು ಬೈಯುವುದು ಟವರನ್ನು, ಅಲ್ವಾ? ಆದರೆ ನೀವು ಯಾರು ಅಂತ ಟವರ್‌ಗೆ ಗೊತ್ತೇ ಇಲ್ಲ. ಅದು ಗೊತ್ತಿರುವುದು ಕಂಪನಿಯ ಚಂದಾದಾರರ ಡೇಟಾಬೇಸ್‌ಗೆ. 2ಜಿ, 3ಜಿಯಲ್ಲಿ ಅದಕ್ಕೆ ಎಚ್‌ಎಲ್‌ಆರ್ ಅಂತ ಹೆಸರು, 4ಜಿಯಲ್ಲಿ ಎಚ್‌ಎಸ್‌ಎಸ್, 5ಜಿಯಲ್ಲಿ ಯುಡಿಎಂ.

ಹುಬ್ಬಳ್ಳಿಯವರೊಬ್ಬರು ದುಬೈಯಲ್ಲಿ ವಿಮಾನ ಇಳಿದು ಫೋನ್ ಆನ್ ಮಾಡಿದರು ಅಂದುಕೊಳ್ಳಿ. ಸಿಮ್ ತನ್ನ ಐಎಂಎಸ್‌ಐ, ಅಂದರೆ ಸಿಮ್‌ನ ಗುರುತಿನ ಸಂಖ್ಯೆ ಹೇಳುತ್ತದೆ. ಮೊದಲ ಮೂರು ಅಂಕಿ 404 ಅಥವಾ 405 ಇದ್ದರೆ ಭಾರತ. ಮುಂದಿನ ಅಂಕಿಗಳಿಂದ ಕಂಪನಿ ತಿಳಿಯುತ್ತದೆ. ಕೂಡಲೇ ಅಲ್ಲಿನ ನೆಟ್‌ವರ್ಕ್ ಇಲ್ಲಿನ ಡೇಟಾಬೇಸನ್ನು ಕೇಳುತ್ತದೆ, ಇವರು ನಿಮ್ಮವರೇನಾ, ರೋಮಿಂಗ್ ಇದೆಯಾ ಅಂತ. ಸಿಮ್‌ನೊಳಗೆ ಒಂದು ಗುಟ್ಟಿನ ಕೀ ಇರುತ್ತದೆ, ಅದರದೇ ಇನ್ನೊಂದು ನಕಲು ನಿಮ್ಮ ಕಂಪನಿಯ ಹತ್ತಿರ. ಆ ಕೀ ಗಾಳಿಯಲ್ಲಿ ಯಾವತ್ತೂ ಹೋಗುವುದಿಲ್ಲ. ನೆಟ್‌ವರ್ಕ್ ಒಂದು ಸಂಖ್ಯೆ ಕೊಟ್ಟು, ಎರಡೂ ಕಡೆ ಕೀ ಹಾಕಿ ಲೆಕ್ಕ ಮಾಡಿದ ಉತ್ತರ ತಾಳೆಯಾದರೆ ಮಾತ್ರ ಒಳಗೆ ಬಿಡುತ್ತದೆ. ಇವರು ಈಗ ದುಬೈಯಲ್ಲಿದ್ದಾರೆ ಅಂತ ಡೇಟಾಬೇಸಿನಲ್ಲಿ ದಾಖಲಾಗುತ್ತದೆ. ಅಮ್ಮ ಊರಿಂದ ಮಾಡಿದ ಕರೆ ಅಲ್ಲಿಗೆ ಮುಟ್ಟುವುದು ಆ ದಾಖಲೆಯಿಂದ.

ಈ ಡೇಟಾಬೇಸ್ ಕೆಟ್ಟರೆ? 2022ರ ಜುಲೈ 2ರಂದು, ಇನ್ನೂ ಬೆಳಕು ಹರಿಯುವ ಮೊದಲು, ಜಪಾನಿನ ಕೆಡಿಡಿಐ ಕಂಪನಿಯವರು ನೆಟ್‌ವರ್ಕಿನೊಳಗೆ ಮಾಹಿತಿಗೆ ದಾರಿ ತೋರಿಸುವ ಒಂದು ರೂಟರ್ ಬದಲಿಸುತ್ತಿದ್ದರು. ಸ್ವಲ್ಪ ಹೊತ್ತು ಕರೆಗಳು ನಿಂತವು. ತೊಂದರೆ ಶುರುವಾಗಿದ್ದು ಆಮೇಲೆ. ಫೋನ್‌ಗಳೆಲ್ಲ ಮತ್ತೆ ನೋಂದಣಿಗೆ ಒಟ್ಟಿಗೆ ಮುಗಿಬಿದ್ದವು, ಉತ್ತರ ಬಾರದವು ಮತ್ತೆ ಮತ್ತೆ ಕೇಳಿದವು, ಡೇಟಾಬೇಸ್ ತಡೆದುಕೊಳ್ಳಲಾಗದೆ ಒಳಗಿನ ಮಾಹಿತಿಯೇ ಒಂದಕ್ಕೊಂದು ಹೊಂದದಂತಾಯಿತು. 61 ಗಂಟೆಗೂ ಜಾಸ್ತಿ ಎಳೆಯಿತು. ಸುಮಾರು 3 ಕೋಟಿ ಜನಕ್ಕೆ ತೊಂದರೆಯಾಯಿತು. ತುರ್ತು ಕರೆಗಳೂ ಸಿಕ್ಕಿಹಾಕಿಕೊಂಡವು.

ಇನ್ನು ಕಳ್ಳತನ. 2025ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಎಸ್‌ಕೆ ಟೆಲಿಕಾಂನ ಎಚ್‌ಎಸ್‌ಎಸ್‌ಗೆ ಹ್ಯಾಕರ್‌ಗಳು ನುಗ್ಗಿದ್ದು ಗೊತ್ತಾಯಿತು. 2.3 ಕೋಟಿಗೂ ಹೆಚ್ಚು ಚಂದಾದಾರರ ಸಿಮ್ ಮಾಹಿತಿ ಸೋರಿತು, ನಾನು ಹೇಳಿದೆನಲ್ಲ ಆ ಗುಟ್ಟಿನ ಕೀ, ಅದೂ ಸೇರಿ. ಪಾಸ್‌ವರ್ಡ್ ಆದರೆ ಕೂತಲ್ಲೇ ಬದಲಿಸಬಹುದು. ಈ ಕೀ ಬದಲಿಸಲು ಸಿಮ್ಮನ್ನೇ ಬದಲಿಸಬೇಕು. ಪುಕ್ಕಟೆ ಸಿಮ್ ಕೊಡುತ್ತೇವೆ ಅಂತ ಕಂಪನಿ ಹೇಳಿತು, ಅಷ್ಟು ಸಿಮ್ ಸ್ಟಾಕ್ ಇರಲಿಲ್ಲ, ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಕೀಗಳನ್ನು ಎನ್‌ಕ್ರಿಪ್ಟ್ ಮಾಡದೆ, ಅಂದರೆ ಬೇರೆಯವರಿಗೆ ಓದಲಾಗದಂತೆ ಗುಪ್ತಲಿಪಿಗೆ ಬದಲಿಸದೆ, ಇಟ್ಟಿದ್ದರು ಅಂತ ತನಿಖೆಯಲ್ಲಿ ಹೊರಬಂತು. ಇದು ನನಗೆ ಕ್ಷಮಿಸಲಾಗದ ತಪ್ಪು ಅನಿಸುತ್ತದೆ.

ನಮ್ಮ ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ ಬರುವುದೂ ಇಂಥದೇ ದಾಖಲೆ ನೋಡಿಕೊಂಡು. ಅದರ ನಕಲು ಬೇರೆ ಬೇರೆ ಊರಿನಲ್ಲಿದೆಯಾ, ಒಂದು ಕೈಕೊಟ್ಟರೆ ಇನ್ನೊಂದು ಎಷ್ಟು ಹೊತ್ತಿಗೆ ಕೆಲಸ ಹಿಡಿಯುತ್ತದೆ, ಕೀಗಳಿಗೆ ಬೀಗ ಇದೆಯಾ, ಇದನ್ನೆಲ್ಲ ಕಂಪನಿಗಳು ಗ್ರಾಹಕರಿಗೆ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಮಾತು. ಅಕ್ಕಪಕ್ಕದವರ ಫೋನ್‌ನಲ್ಲಿ ಅದೇ ಕಂಪನಿಯ ಸಿಗ್ನಲ್ ಇದ್ದು ನಿಮ್ಮದು ಮಾತ್ರ ಇದ್ದಕ್ಕಿದ್ದ ಹಾಗೆ ಸತ್ತರೆ ಸುಮ್ನೆ ಕಾಯಬೇಡಿ. ಯಾರೋ ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ಪಡೆದು, ಡೇಟಾಬೇಸಿನಲ್ಲಿ ನಿಮ್ಮ ನಂಬರು ಅದಕ್ಕೆ ಅಂಟಿಕೊಂಡಿರಬಹುದು. ಬೇರೆ ಫೋನ್‌ನಿಂದ ಮೊದಲು ಕಸ್ಟಮರ್ ಕೇರ್‌ಗೆ, ಆಮೇಲೆ ಬ್ಯಾಂಕಿಗೆ ಕರೆ ಮಾಡಿ.