ಬಂಕಿನ ರೇಟ್ ರಾತ್ರೋರಾತ್ರಿ, ಬಾಡಿಗೆ ರೇಟ್ ವರ್ಷಗಟ್ಟಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪೆಟ್ರೋಲ್, ಡೀಸೆಲ್ ರೇಟ್ ಏರಿತು ಅಂದ ಕೂಡಲೇ ನಾವೆಲ್ಲ ನಮ್ಮ ಸ್ಕೂಟರಿನ ಲೆಕ್ಕ ಹಾಕುತ್ತೇವೆ. ತಿಂಗಳಿಗೆ ಒಂದಿಷ್ಟು ಜಾಸ್ತಿ ಖರ್ಚು ಬೀಳುತ್ತೆ. ಎರಡು ದಿನ ಬೈಕೊಂಡು ಆಮೇಲೆ ಮರೆತುಬಿಡುತ್ತೇವೆ. ಆದರೆ ಗಾಡಿಯನ್ನೇ ನಂಬಿ ಬದುಕುವವರು ಇದ್ದಾರಲ್ಲ, ಆಟೋದವರು, ಟಾಟಾ ಏಸ್ ಓಡಿಸುವವರು, ಶಾಲೆ ವ್ಯಾನಿನವರು, ಟ್ಯಾಕ್ಸಿಯವರು, ಬೈಕಿನಲ್ಲಿ ಮನೆ ಮನೆಗೆ ಊಟ ತಲುಪಿಸುವ ಹುಡುಗರು, ಅವರಿಗೆ ಮರೆಯೋಕೆ ಆಗಲ್ಲ. ಬೆಳಗ್ಗೆ ಟ್ಯಾಂಕಿಗೆ ದುಡ್ಡು ಹಾಕಿದರೆ ಮಾತ್ರ ಸಂಜೆ ಜೇಬಿಗೆ ದುಡ್ಡು. ಇವತ್ತಿನ ಮಾತು ಅವರ ಬಗ್ಗೆ.

ರೇಟ್ ಏರೋದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಬಂಕಿನ ರೇಟ್ ಯಾವತ್ತು ಬೇಕಾದರೂ ಬದಲಾಗಬಹುದು. ಬಾಡಿಗೆ ರೇಟ್ ಬದಲಾಗೋಕೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗಿನ ನಷ್ಟ ಹೊರೋರು ಯಾರು? ಆ ಚಾಲಕ ಮತ್ತು ಅವನ ಮನೆಯವರು.

ಹಿಂದೆ ಪೆಟ್ರೋಲಿನ ರೇಟನ್ನು ಸರ್ಕಾರವೇ ಕಟ್ಟುತ್ತಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲಿನ ಮೇಲಿನ ಹಿಡಿತ ಬಿಟ್ಟಿತು. 2014ರ ಅಕ್ಟೋಬರ್‌ನಲ್ಲಿ ಡೀಸೆಲಿನದ್ದೂ ಬಿಟ್ಟಿತು. ಆಮೇಲೆ ತೈಲ ಕಂಪನಿಗಳು ಹದಿನೈದು ದಿನಕ್ಕೊಮ್ಮೆ ರೇಟ್ ಬದಲಾಯಿಸುತ್ತಿದ್ದವು. 2017ರ ಜೂನ್ 16ರಿಂದ ದೇಶದಲ್ಲೆಲ್ಲ ದಿನದಿನವೂ ಪರಿಷ್ಕರಣೆ ಅಂತಾಯಿತು. ಬೆಳಗ್ಗೆ ಆರು ಗಂಟೆಗೆ ಬಂಕಿನಲ್ಲಿ ಹೊಸ ರೇಟ್.

ಈಗ ಆಟೋ ಮೀಟರ್ ನೋಡಿ. ಬೆಂಗಳೂರಿನಲ್ಲಿ 2013ರಲ್ಲಿ ಕನಿಷ್ಠ ಬಾಡಿಗೆ 25 ರೂಪಾಯಿ, ಆಮೇಲೆ ಕಿಲೋಮೀಟರಿಗೆ 13 ರೂಪಾಯಿ ಅಂತ ಮಾಡಿದರು. ಅದು ಮತ್ತೆ ಬದಲಾಗಿದ್ದು 2021ರ ಡಿಸೆಂಬರ್‌ನಲ್ಲಿ. ಎಂಟು ವರ್ಷ! ಆಗ ಮೊದಲ ಎರಡು ಕಿಲೋಮೀಟರಿಗೆ 30, ನಂತರ ಕಿಲೋಮೀಟರಿಗೆ 15 ಆಯಿತು. ಮುಂದಿನ ಬದಲಾವಣೆ 2025ರ ಆಗಸ್ಟ್ 1ರಂದು. 36 ಮತ್ತು 18. ಬೆಂಗಳೂರಿನ ಆಟೋಗಳು ಹೆಚ್ಚಾಗಿ ಗ್ಯಾಸಿನಲ್ಲಿ ಓಡುತ್ತವೆ, ನಿಜ. ಗ್ಯಾಸ್ ಏನು ಆ ಎಂಟು ವರ್ಷ ಒಂದೇ ರೇಟಿನಲ್ಲಿ ನಿಂತಿತ್ತಾ? ಟೈರು, ಇನ್ಶೂರೆನ್ಸು, ಎಫ್‌ಸಿ ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು, ಮಕ್ಕಳ ಫೀಜು ನಿಂತಿತ್ತಾ? ಮೀಟರ್ ಹಾಕಲ್ಲ, ಡಬಲ್ ಕೇಳ್ತಾರೆ ಅಂತ ಆಟೋದವರನ್ನು ನಾವು ಬೈಯುತ್ತೇವೆ. ಹಾಗೆ ಕೇಳೋದು ತಪ್ಪೇ. ಅದರ ಜೊತೆಗೆ ಈ ಎಂಟು ವರ್ಷವನ್ನೂ ನೆನಪಿಟ್ಟುಕೊಳ್ಳಬೇಕು ಅಂತ ನನ್ನ ಮಾತು.

ಆಟೋಗಾದರೂ ಮೀಟರ್ ಅಂತ ಒಂದಿದೆ. ಹಳ್ಳಿ ಕಡೆಯ ಲಗೇಜ್ ಗಾಡಿಗಳಿಗೆ ಅದೂ ಇಲ್ಲ.

ಕೋಲಾರದ ಕಡೆ ಟೊಮೆಟೊ ಹೊಡೆಯುವ ಗಾಡಿಗಳನ್ನು ನೋಡಿದ್ದೀರಾ? ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಟಾಟಾ ಏಸ್ ಗಾಡಿ ಅಂತ ಇಟ್ಟುಕೊಳ್ಳಿ. ಬೆಳಗಿನ ಜಾವ ತೋಟದ ಹತ್ತಿರ ಹೋಗಿ ನಿಲ್ಲಬೇಕು. ಹದಿನೈದು ಕೆಜಿಯ ಬಾಕ್ಸು, ಐವತ್ತು ಬಾಕ್ಸು ಏರಿಸಿ ಹಗ್ಗ ಬಿಗಿಯಬೇಕು. ಹರಾಜು ಶುರುವಾಗುವ ಮೊದಲು ಕೋಲಾರದ ಮಾರುಕಟ್ಟೆ ಮುಟ್ಟಬೇಕು. ಬಾಡಿಗೆ ಮಾತಾಡೋದು ಬಾಕ್ಸಿನ ಲೆಕ್ಕದಲ್ಲಿ. ಬಾಕ್ಸಿಗೆ 18 ರೂಪಾಯಿ ಅಂತ ಹಿಡಿಯೋಣ. ಒಂದು ಟ್ರಿಪ್ಪಿಗೆ 900 ರೂಪಾಯಿ ಆಯ್ತು. ಹೋಗೋಕೆ 30 ಕಿಲೋಮೀಟರ್, ಬರೋಕೆ 30. ಬರುವಾಗ ಗಾಡಿ ತುಂಬ ಖಾಲಿ ಬಾಕ್ಸು, ಅದಕ್ಕೆ ಬಾಡಿಗೆ ಇಲ್ಲ. ಲೋಡಿನಲ್ಲೂ ಖಾಲಿಯಲ್ಲೂ ಸೇರಿ ಲೀಟರಿಗೆ 15 ಕಿಲೋಮೀಟರ್ ಮೈಲೇಜ್ ಅಂದರೆ 4 ಲೀಟರ್ ಡೀಸೆಲ್ ಬೇಕು.

2024ರ ಜೂನ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 86 ರೂಪಾಯಿಯ ಹತ್ತಿರ ಇತ್ತು. ಜೂನ್ 15ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 14.34ರಿಂದ 18.44ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಜಾಸ್ತಿ ಆಯಿತು. 2025ರ ಏಪ್ರಿಲ್ 1ರಿಂದ ಮತ್ತೆ ಏರಿಸಿ 21.17 ಮಾಡಿತು. ಇನ್ನೂ ಎರಡು ರೂಪಾಯಿ. ರೇಟ್ 91ಕ್ಕೆ ಬಂತು. ಒಂದು ವರ್ಷದೊಳಗೆ ಐದು ರೂಪಾಯಿ. ಅರಬ್ ದೇಶದಲ್ಲಿ ಯುದ್ಧ ಆಗಿ ಏರಿದ್ದಲ್ಲ, ಡಾಲರ್ ಏರಿ ಆಗಿದ್ದೂ ಅಲ್ಲ. ಇಲ್ಲೇ ಏರಿಸಿದ ತೆರಿಗೆ.

ಐದು ರೂಪಾಯಿ ಅಂದರೆ ಕೇಳೋಕೆ ಏನೂ ಅನ್ನಿಸಲ್ಲ. ಟ್ರಿಪ್ಪಿಗೆ 4 ಲೀಟರ್, ದಿನಕ್ಕೆ ಎರಡು ಟ್ರಿಪ್, ಅಲ್ಲಿಗೆ ದಿನಕ್ಕೆ 40 ರೂಪಾಯಿ. ತಿಂಗಳಲ್ಲಿ 25 ದಿನ ಗಾಡಿ ಓಡಿದರೆ ಸಾವಿರ ರೂಪಾಯಿ. ಆ ಮನೆಯ ಒಂದು ಅಡುಗೆ ಸಿಲಿಂಡರ್ ದುಡ್ಡು ಅಲ್ಲಿಗೆ ಹೋಯಿತು. ಅವರು ಮಂಡಿಯವರ ಹತ್ತಿರ ಹೋಗಿ ಬಾಕ್ಸಿಗೆ ಒಂದು ರೂಪಾಯಿ ಜಾಸ್ತಿ ಕೊಡಿ ಅಂತ ಕೇಳಬಹುದು. ಕೇಳಿದರೆ ಏನಾಗುತ್ತೆ? ಅದೇ ಹಳೇ ರೇಟಿಗೆ ಬರೋ ಗಾಡಿ ಇನ್ನೊಂದಿರುತ್ತೆ. ಅವನಿಗೂ ಕಂತು ಕಟ್ಟೋ ತಾರೀಖು ಹತ್ತಿರ ಬಂದಿರುತ್ತೆ. ಇನ್ನೊಂದು ಕಡೆ ರೈತ. ಬಾಕ್ಸಿಗೆ ನೂರು ರೂಪಾಯಿನೂ ಸಿಗದ ದಿನ ಅವನ ಹತ್ತಿರ ಬಾಡಿಗೆ ಜಾಸ್ತಿ ಕೇಳೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ?

ಹಾಗಾಗಿ ಗಾಡಿಯವನು ಬೇರೆ ದಾರಿ ಹುಡುಕುತ್ತಾನೆ. ಐವತ್ತರ ಜಾಗದಲ್ಲಿ ಎಪ್ಪತ್ತು ಬಾಕ್ಸು ಏರಿಸುತ್ತಾನೆ. ಸವೆದ ಟೈರನ್ನು ಇನ್ನೆರಡು ತಿಂಗಳು ಓಡಿಸುತ್ತಾನೆ. ಆಯಿಲ್ ಚೇಂಜ್ ಮುಂದಕ್ಕೆ ಹಾಕುತ್ತಾನೆ. ನಿದ್ದೆಗೆಟ್ಟು ಮೂರನೇ ಟ್ರಿಪ್ ಹೊಡೆಯುತ್ತಾನೆ. ಡೀಸೆಲ್ ರೇಟಿನ ಬಗ್ಗೆ ಮಾತಾಡುವಾಗ ಈ ಟೈರಿನ ಮಾತು, ಈ ನಿದ್ದೆಯ ಮಾತು ಯಾರೂ ಎತ್ತಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಆಗೋದು ಇದಕ್ಕೇ.

ಆ 91 ರೂಪಾಯಿ ಯಾರ್ಯಾರಿಗೆ ಹೋಗುತ್ತೆ ಅಂತ ನೋಡೋಣ. 2025ರ ಏಪ್ರಿಲ್ 1ರ ಲೆಕ್ಕ ಇದು. ಕೇಂದ್ರದ ಅಬಕಾರಿ ಸುಂಕ ಲೀಟರ್ ಡೀಸೆಲಿಗೆ 15 ರೂಪಾಯಿ 80 ಪೈಸೆ. ರಾಜ್ಯದ ಮಾರಾಟ ತೆರಿಗೆ ಸುಮಾರು 16 ರೂಪಾಯಿ. ಎರಡೂ ಸೇರಿ ಹತ್ತಿರ ಹತ್ತಿರ 32. ಪೆಟ್ರೋಲಿನಲ್ಲಿ ಇನ್ನೂ ಜಾಸ್ತಿ. 103 ರೂಪಾಯಿಯ ಆಸುಪಾಸಿನ ಪೆಟ್ರೋಲಿನಲ್ಲಿ ಎರಡೂ ಸರ್ಕಾರಗಳ ಪಾಲು 43 ರೂಪಾಯಿ ದಾಟುತ್ತಿತ್ತು. ಉಳಿದದ್ದರಲ್ಲಿ ಕಚ್ಚಾ ತೈಲದ ಬೆಲೆ, ಅದನ್ನು ಸಂಸ್ಕರಿಸುವ ಖರ್ಚು, ಸಾಗಾಟ, ಬಂಕಿನವರ ಕಮಿಷನ್ ಎಲ್ಲ ಬರಬೇಕು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೇಂದ್ರ ತನ್ನ ಸುಂಕವನ್ನು ಲೀಟರಿಗೆ ಇಷ್ಟು ರೂಪಾಯಿ ಅಂತ ಹಾಕುತ್ತೆ. ರಾಜ್ಯ ಶೇಕಡಾ ಲೆಕ್ಕದಲ್ಲಿ ಹಾಕುತ್ತೆ. ಅದೂ ಕೇಂದ್ರದ ಸುಂಕ ಸೇರಿಸಿದ ಮೇಲಿನ ಬೆಲೆಗೆ. ಅಂದರೆ ತೆರಿಗೆಯ ಮೇಲೆ ತೆರಿಗೆ. ಆ 15 ರೂಪಾಯಿ 80 ಪೈಸೆಯ ಸುಂಕದ ಮೇಲೇ ರಾಜ್ಯಕ್ಕೆ ಮೂರು ರೂಪಾಯಿಗಿಂತ ಜಾಸ್ತಿ ಹೋಗುತ್ತಿತ್ತು. ಕಚ್ಚಾ ತೈಲ ಏರಿದರೆ ರಾಜ್ಯ ಏನೂ ಮಾಡದೆ ಸುಮ್ನೆ ಕೂತರೂ ಅದರ ಆದಾಯ ತಾನಾಗಿಯೇ ಏರುತ್ತೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲನ್ನು ಹೊರಗಿಟ್ಟರು. ಒಳಗೆ ತರೋ ಮಾತು ಆಗಾಗ ಬರುತ್ತೆ, ಹೋಗುತ್ತೆ. ಎರಡೂ ಕಡೆಯವರಿಗೂ ಇದು ಬಿಡಲಾರದ ಆದಾಯ.

ಕಚ್ಚಾ ತೈಲ ಇಳಿದಾಗ ಏನಾಗುತ್ತೆ? 2020ನ್ನು ನೆನಪು ಮಾಡಿಕೊಳ್ಳಿ. ಕೊರೊನಾ ಬಂದು ಜಗತ್ತೇ ನಿಂತಿತ್ತು. ಏಪ್ರಿಲ್ 20ರಂದು ಅಮೆರಿಕದ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ನಮ್ಮಲ್ಲಿ ಬಂಕಿನ ರೇಟ್ ಇಳಿಯಬೇಕಿತ್ತು ಅಲ್ವಾ? ಅದೇ ವರ್ಷ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಸುಂಕವನ್ನು 15 ರೂಪಾಯಿ 83 ಪೈಸೆಯಿಂದ 31 ರೂಪಾಯಿ 83 ಪೈಸೆಗೆ ಏರಿಸಿತು. ಇಳಿದ ಬೆಲೆಯ ಲಾಭ ಪೂರ್ತಿ ಅಲ್ಲೇ ಹೋಯಿತು. ಲಾಕ್‌ಡೌನ್ ಮುಗಿಸಿ ಗಾಡಿ ಹೊರಗೆ ತೆಗೆದವನಿಗೆ ಬಾಡಿಗೆಯೂ ಇಲ್ಲ, ಡೀಸೆಲೂ ಅಗ್ಗ ಆಗಲಿಲ್ಲ. ಮರು ವರ್ಷ ಕಚ್ಚಾ ತೈಲ ಮತ್ತೆ ಏರತೊಡಗಿತು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತು. ನವೆಂಬರ್ ಮೊದಲ ವಾರಕ್ಕೆ 113 ದಾಟಿತ್ತು. ಆಗ ದೀಪಾವಳಿ ಹೊತ್ತಿಗೆ ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಸುಂಕ ಇಳಿಸಿತು. ರಾಜ್ಯವೂ 7 ರೂಪಾಯಿ ಇಳಿಸಿತು. 2022ರ ಮೇನಲ್ಲಿ ಕೇಂದ್ರ ಇನ್ನೊಮ್ಮೆ ಇಳಿಸಿತು. ಇಳಿಸಿದ್ದನ್ನು ಒಪ್ಪಿಕೊಳ್ಳಲೇಬೇಕು. ಆದರೆ 2025ರ ಏಪ್ರಿಲ್ 8ರಿಂದ ಅದೇ ಕೇಂದ್ರ ಮತ್ತೆ ಎರಡು ರೂಪಾಯಿ ಸುಂಕ ಏರಿಸಿತು. ಕಚ್ಚಾ ತೈಲ ಅಗ್ಗವಾಗಿತ್ತು, ಹಾಗಾಗಿ ಬಂಕಿನ ರೇಟ್ ಏರಲಿಲ್ಲ. ಇಳಿಯಬೇಕಾಗಿದ್ದದ್ದು ಇಳಿಯಲೂ ಇಲ್ಲ.

ದಿನದಿನದ ಪರಿಷ್ಕರಣೆ ಅಂತ ಹೆಸರು. ಚುನಾವಣೆ ಬಂದರೆ ಅದೂ ನಿಲ್ಲುತ್ತೆ. 2018ರ ನಮ್ಮ ವಿಧಾನಸಭೆ ಚುನಾವಣೆ ನೆನಪಿದೆಯಾ? ಏಪ್ರಿಲ್ 24ರ ನಂತರ ರೇಟ್ ಅಲ್ಲಾಡಲಿಲ್ಲ. ಮೇ 12ಕ್ಕೆ ಮತದಾನ. ಮೇ 14ರಿಂದ ಏರಿಕೆ ಮತ್ತೆ ಶುರು. ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿದ್ದೇವೆ ಅನ್ನುವ ಮಾತನ್ನು ಚಾಲಕರು ನಂಬಲ್ಲ ಅಂದರೆ ಅದಕ್ಕೆ ಕಾರಣ ಇದೆ.

ರಾಜ್ಯ ಸರ್ಕಾರ ಹೇಳುವ ಇನ್ನೊಂದು ಮಾತಿದೆ. ಏರಿಸಿದ ಮೇಲೂ ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಡೀಸೆಲ್ ಕಮ್ಮಿ ಅಂತ. ಆಂಧ್ರಕ್ಕೆ, ಕೇರಳಕ್ಕೆ ಹೋಲಿಸಿದರೆ ನಿಜವೇ. ಆಂಧ್ರದ ಕಡೆಯ ನಂಗಲಿ ಗಡಿ ದಾಟುವ ಮುಂಚೆ ಲಾರಿಗಳು ಈ ಕಡೆ ಟ್ಯಾಂಕ್ ತುಂಬಿಸಿಕೊಳ್ಳುತ್ತವೆ. ಕಾಸರಗೋಡಿನವರು ತಲಪಾಡಿಗೆ ಬಂದು ಹಾಕಿಸಿಕೊಳ್ಳುತ್ತಾರೆ. ಅದೇ ಕಾರವಾರದ ಕಡೆ ಹೋದರೆ ಪೆಟ್ರೋಲಿಗೆ ನಮ್ಮವರೇ ಗೋವಾದ ಪೋಳೆಂಗೆ ಹೋಗುತ್ತಾರೆ. ಆ ತೆರಿಗೆಯಿಂದ ರಸ್ತೆ, ಶಾಲೆ, ಆಸ್ಪತ್ರೆ ನಡೆಯಬೇಕು, ಗ್ಯಾರಂಟಿಗಳಿಗೂ ದುಡ್ಡು ಬೇಕು. ಒಪ್ಪೋಣ. ಪಕ್ಕದ ರಾಜ್ಯದಲ್ಲಿ ಜಾಸ್ತಿ ಇದೆ ಅನ್ನೋದರಿಂದ ಕೋಲಾರದ ಗಾಡಿಯವನ ಸಾವಿರ ರೂಪಾಯಿ ವಾಪಸ್ ಬರಲ್ಲ.

ಪೆಟ್ರೋಲ್ ಗಾಡಿಯವರಿಗೆ ಇನ್ನೊಂದು ಸೇರಿಕೊಂಡಿದೆ. ಈಗ ಬಂಕಿನಲ್ಲಿ ಸಿಗೋದು ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಲೀಟರಿಗೆ ಲೀಟರ್ ನೋಡಿದರೆ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಹಳೇ ಬೈಕುಗಳಲ್ಲಿ ಶೇಕಡಾ 3ರಿಂದ 4, ಹಳೇ ಕಾರುಗಳಲ್ಲಿ ಶೇಕಡಾ 6ರಿಂದ 7 ಮೈಲೇಜ್ ಇಳಿಯಬಹುದು ಅಂತ 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಲೀಟರಿಗೆ 50 ಕೊಡುತ್ತಿದ್ದ ಬೈಕು 48 ಕೊಟ್ಟರೆ ಆಫೀಸಿಗೆ ಹೋಗಿ ಬರುವವರಿಗೆ ಗೊತ್ತೂ ಆಗಲ್ಲ. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಓಡುವ ಡೆಲಿವರಿ ಹುಡುಗನಿಗೆ ಗೊತ್ತಾಗುತ್ತೆ. ಎಥೆನಾಲಿನಿಂದ ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಅನುಕೂಲ ಇದೆ, ವಿದೇಶದಿಂದ ತರಿಸುವ ತೈಲವೂ ಕಮ್ಮಿಯಾಗುತ್ತೆ. ಹಾಗಿದ್ದರೆ ಆ ಕಮ್ಮಿ ಮೈಲೇಜಿನ ಲೆಕ್ಕ ಬಂಕಿನ ರೇಟಿನಲ್ಲಿ ಕಾಣಬೇಕಿತ್ತು.

ಎಲೆಕ್ಟ್ರಿಕ್ ಗಾಡಿ ತಗೊಳ್ಳಿ ಅಂತ ಸಲಹೆ ಕೊಡೋರು ಬಹಳ ಜನ. ಹಳೇ ಗಾಡಿಯ ಕಂತೇ ಮುಗಿಯದವನಿಗೆ ಹೊಸ ಸಾಲ ಯಾರು ಕೊಡುತ್ತಾರೆ, ಹಳ್ಳಿಯಲ್ಲಿ ಚಾರ್ಜ್ ಎಲ್ಲಿ ಹಾಕಬೇಕು ಅನ್ನೋದನ್ನೂ ಅವರು ಹೇಳಬೇಕು.

ಆಗಬೇಕಾದದ್ದು ಏನು? ಮೊದಲನೆಯದಾಗಿ, ಆಟೋ, ಟ್ಯಾಕ್ಸಿ ದರವನ್ನು ಪ್ರತಿ ವರ್ಷ ಒಂದು ಗೊತ್ತಾದ ತಾರೀಖಿಗೆ ಪರಿಷ್ಕರಿಸಬೇಕು. ಇಂಧನ ಏರಿದರೆ ಏರಲಿ, ಇಳಿದರೆ ಇಳಿಯಲಿ. ಇದರಿಂದ ಪ್ರಯಾಣಿಕರಿಗೂ ಒಳ್ಳೆಯದು. ಎಂಟು ವರ್ಷ ಬಿಟ್ಟು ಒಮ್ಮೆಲೇ ಏರಿಸಿದರೆ ಇಬ್ಬರಿಗೂ ಜಗಳವೇ ಗತಿ. ರಾಜ್ಯವೂ ತನ್ನ ತೆರಿಗೆಯನ್ನು ಲೀಟರಿಗೆ ಇಷ್ಟು ರೂಪಾಯಿ ಅಂತ ಗೊತ್ತುಮಾಡಲಿ. ಆಗ ಕಚ್ಚಾ ತೈಲ ಏರಿದಾಗ ಅದರ ಮೇಲೆ ತೆರಿಗೆಯ ಹೊರೆಯೂ ಸೇರಿಕೊಳ್ಳೋದು ತಪ್ಪುತ್ತೆ. 2025ರ ಏಪ್ರಿಲ್‌ನಲ್ಲಿ ಲಾರಿ ಮಾಲೀಕರು ಡೀಸೆಲ್ ರೇಟ್, ಟೋಲ್ ಅಂತ ಮುಷ್ಕರ ಹೂಡಿದಾಗ ಸರ್ಕಾರ ಕರೆದು ಮಾತಾಡಿತು. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವನು ಮುಷ್ಕರಕ್ಕೆ ಕೂತರೆ ಅವತ್ತಿನ ಬಾಡಿಗೆ ಹೋಯಿತು ಅಷ್ಟೇ. ಅವನನ್ನೂ ಕರೆದು ಕೇಳುವ ಏರ್ಪಾಡು ಜಿಲ್ಲೆ ಜಿಲ್ಲೆಯಲ್ಲೂ ಬೇಕು.

ಇನ್ನು ನಮ್ಮ ಕೈಯಲ್ಲಿರುವುದು. ಮನೆ ಸಾಮಾನು ಸಾಗಿಸೋಕೆ, ಮದುವೆಗೆ, ಮಕ್ಕಳನ್ನು ಶಾಲೆಗೆ ಕಳಿಸೋಕೆ ಗಾಡಿ ಮಾತಾಡುತ್ತೇವಲ್ಲ, ಆಗ ಹೋದ ವರ್ಷ ಇಷ್ಟು ಕೊಟ್ಟಿದ್ದೆವು ಅಂತ ಶುರು ಮಾಡಬೇಡಿ. ಎಷ್ಟು ಕಿಲೋಮೀಟರ್, ಬರುವಾಗ ಗಾಡಿ ಖಾಲಿ ಬರುತ್ತಾ, ಇವತ್ತು ಡೀಸೆಲ್ ಎಷ್ಟಿದೆ ಅಂತ ಕೇಳಿ, ಆಮೇಲೆ ರೇಟ್ ಮಾತಾಡಿ. ಶಾಲೆ ವ್ಯಾನಿನ ಫೀಜು ಜೂನ್‌ನಲ್ಲಿ ಒಮ್ಮೆ ಗೊತ್ತುಮಾಡಿ ಮುಂದಿನ ಮಾರ್ಚ್‌ವರೆಗೂ ಅದೇ ಅನ್ನುವ ಪೋಷಕರಿಗೂ ಇದನ್ನೇ ಹೇಳುತ್ತೇನೆ. ನಡುವೆ ಡೀಸೆಲ್ ಏರಿದರೆ ಏರಿದಷ್ಟು ಹಂಚಿಕೊಂಡು ಕೊಡಿ. ಹತ್ತು ಮನೆಗೆ ಹಂಚಿದರೆ ಒಬ್ಬೊಬ್ಬರಿಗೆ ಬೀಳೋದು ಅಲ್ಪಸ್ವಲ್ಪ. ಆ ವ್ಯಾನಿನ ಟೈರು ಚೆನ್ನಾಗಿರಬೇಕು, ಅದರಲ್ಲಿ ಕೂತಿರೋದು ನಮ್ಮ ಮಕ್ಕಳೇ.

ನಮಸ್ಕಾರ.