ವಿಶ್ವಾಸದ ಕೈಗಡ

ಎಲ್ಲರಿಗೂ ನಮಸ್ಕಾರ. ನಾನು ಆರು ಹಾಳೆ ಬರೆದುಕೊಂಡು ಬಂದಿದ್ದೆ. ಆದರೆ ವೇದಿಕೆ ಹತ್ತುವ ಮೊದಲು ನಿಮ್ಮ ಮೇಷ್ಟ್ರು ಒಂದು ಡಬ್ಬಿ ಕೊಟ್ಟರು. ನೀವು ಬೆಳಿಗ್ಗೆ ಹೆಸರು ಹಾಕದೆ ಬರೆದ ಚೀಟಿಗಳು. ಅಲ್ಲೇ ನಿಂತು ನಾಲ್ಕೈದು ಓದಿದೆ. ಒಂದರಲ್ಲಿ ಹೀಗಿದೆ: ‘ಎಲ್ಲರೂ ನಿನ್ನ ಮೇಲೆ ನೀನು ನಂಬಿಕೆ ಇಡು ಅಂತಾರೆ. ಆ ನಂಬಿಕೆ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಲ್ಲ.’

ಈ ಚೀಟಿ ನನ್ನ ಹಾಳೆಗಳನ್ನು ಪಕ್ಕಕ್ಕೆ ಸರಿಸಿಬಿಟ್ಟಿತು. ಇವತ್ತು ಇದಕ್ಕೇ ಉತ್ತರ ಹೇಳಲು ನೋಡುತ್ತೇನೆ.

ನಮ್ಮ ಕಡೆ ಕೈಗಡ ಅಂತ ಒಂದು ಮಾತಿದೆ. ಪತ್ರ ಇಲ್ಲ, ಬಡ್ಡಿ ಇಲ್ಲ, ಸಾಕ್ಷಿ ಇಲ್ಲ. ತಿಂಗಳ ಕೊನೆಗೆ ಪಕ್ಕದ ಮನೆಯವರು ಕೊಟ್ಟಿರುತ್ತಾರಲ್ಲ, ಅದು. ಆತ್ಮವಿಶ್ವಾಸವೂ ಮೊದಲು ಹಾಗೇ ಬರುತ್ತದೆ ಅಂತ ನಾನು ನಂಬಿದ್ದೇನೆ. ನಮ್ಮ ಹತ್ತಿರ ಒಂದು ಕಾಸೂ ಇಲ್ಲದಾಗ ಯಾರೋ ತಮ್ಮದನ್ನು ತೆಗೆದು ನಮ್ಮ ಕೈಯಲ್ಲಿಡುತ್ತಾರೆ. ಅದರಲ್ಲಿ ನಮ್ಮ ಸಂಸಾರ ಶುರುವಾಗುತ್ತದೆ.

ಇದಕ್ಕೆ ನಾನು ಸದಾ ನೆನೆಯುವುದು ಕ್ರಿಕೆಟ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರನ್ನು. ನಿಮ್ಮ ತಾತಂದಿರನ್ನು ಕೇಳಿ, ಕಣ್ಣು ಅರಳುತ್ತದೆ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಪೋಲಿಯೋ ಬಂತು. ಬಲಗೈ ಸೊರಗಿಹೋಯಿತು. ಬೌಂಡರಿಯಿಂದ ಚೆಂಡು ಎಸೆಯುವುದಕ್ಕೆ ಎಡಗೈ ಬಳಸುತ್ತಿದ್ದರು. ಆದರೆ ಬೌಲಿಂಗ್ ಮಾಡುತ್ತಿದ್ದದ್ದು ಯಾವ ಕೈಯಲ್ಲಿ? ಅದೇ ಸೊರಗಿದ ಬಲಗೈಯಲ್ಲಿ! ಆ ಸಣ್ಣ ಮಣಿಕಟ್ಟು ಚಾಟಿಯ ಹಾಗೆ ತಿರುಗುತ್ತಿತ್ತು. ಸ್ಪಿನ್ನರ್ ಅಂತ ಕಾಲು ಮುಂದಿಟ್ಟರೆ ಚೆಂಡು ಮೀಡಿಯಂ ಪೇಸಿನಲ್ಲಿ ಬಂದು ಸ್ಟಂಪು ಬೀಳಿಸಿರುತ್ತಿತ್ತು. 58 ಟೆಸ್ಟುಗಳಲ್ಲಿ 242 ವಿಕೆಟ್. ಬ್ಯಾಟಿಂಗಿನಲ್ಲಿ ಒಟ್ಟು ರನ್ ಎಷ್ಟು ಗೊತ್ತಾ? 167. ವಿಕೆಟ್‌ಗಿಂತ ರನ್ನೇ ಕಡಿಮೆ!

ಇಲ್ಲಿವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೊರತೆ ಇದ್ದರೂ ಛಲದಿಂದ ಗೆದ್ದರು ಅಂತ ಚಪ್ಪಾಳೆ ಹೊಡೆಸಿ ಮುಗಿಸುತ್ತಾರೆ. ನನಗೆ ಅಷ್ಟು ಸಾಲದು. ಆ ಕೈಗೆ ಚೆಂಡು ಕೊಟ್ಟವರು ಯಾರು?

1971ಕ್ಕೆ ಹೋಗೋಣ. 1968ರ ಶುರುವಿನಲ್ಲಿ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯವಾಗಿ ಮರಳಿದ ಚಂದ್ರ ಮೂರು ವರ್ಷಕ್ಕೂ ಜಾಸ್ತಿ ಟೆಸ್ಟ್ ಆಡಿರಲಿಲ್ಲ. ಆಮೇಲೆ ಇಂಗ್ಲೆಂಡಿಗೆ ಹೊರಟ ತಂಡದಲ್ಲಿ ಹೆಸರು ಬಂತು. ಮೂರನೇ ಟೆಸ್ಟ್, ಓವಲ್ ಮೈದಾನ. ಮೊದಲ ಇನ್ನಿಂಗ್ಸಿನಲ್ಲಿ ಇಂಗ್ಲೆಂಡ್ 355, ನಾವು 284. 71 ರನ್ ಹಿಂದೆ. 1932ರಿಂದ ಆಡುತ್ತಿದ್ದರೂ ಇಂಗ್ಲೆಂಡ್ ನೆಲದಲ್ಲಿ ನಾವು ಒಂದು ಟೆಸ್ಟೂ ಗೆದ್ದಿರಲಿಲ್ಲ.

ಚಂದ್ರ ಅವರ ಬೌಲಿಂಗ್ ಹೇಗೆ ಅಂದರೆ, ಚೆಂಡು ಏನು ಮಾಡುತ್ತೆ ಅಂತ ಕೆಲವು ಸಲ ಅವರಿಗೇ ಗೊತ್ತಿರುತ್ತಿರಲಿಲ್ಲ. ಹಾಗಂತ ಅವರೇ ಹೇಳಿದ್ದಾರೆ. ಲಯ ಸಿಗದ ದಿನ ರನ್ ಹರಿದುಹೋಗುತ್ತಿತ್ತು. ಇದೆಲ್ಲ ಗೊತ್ತಿದ್ದೂ ನಾಯಕ ಅಜಿತ್ ವಾಡೇಕರ್ ಚೆಂಡು ಕೊಟ್ಟರು. ಇದನ್ನೇ ನಾನು ಕೈಗಡ ಅನ್ನುವುದು. ವಾಪಸ್ ಬರದೇ ಹೋಗಬಹುದು ಅಂತ ಗೊತ್ತಿದ್ದೂ ಕೊಡುವುದು.

ಇಂಗ್ಲೆಂಡಿನ ಎರಡನೇ ಇನ್ನಿಂಗ್ಸ್. ಮೊದಲು ಒಂದು ಅದೃಷ್ಟದ ವಿಕೆಟ್. ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರ ಅವರ ಬೆರಳು ಸವರಿ ಆ ಕಡೆಯ ಸ್ಟಂಪಿಗೆ ಬಡಿಯಿತು. ಕ್ರೀಸ್ ಬಿಟ್ಟಿದ್ದ ಜೇಮ್‌ಸನ್ ರನ್ ಔಟ್. ಆಮೇಲೆ ಎಡ್ರಿಚ್ ಬಂದರು. ಚಂದ್ರ ಮನಸ್ಸಿನಲ್ಲಿ ಗೂಗ್ಲಿ ಇತ್ತು, ಅಂದರೆ ಎಣಿಸಿದ್ದಕ್ಕೆ ಉಲ್ಟಾ ತಿರುಗುವ ಚೆಂಡು. ಓಡಲು ಹೊರಟಾಗ ಫೀಲ್ಡಿಂಗಿನಲ್ಲಿದ್ದ ದಿಲೀಪ್ ಸರ್ದೇಸಾಯಿ ಕೂಗಿದರು, ‘ಮಿಲ್ ರೀಫ್’ ಹಾಕು ಅಂತ. ಮಿಲ್ ರೀಫ್ ಅಂದರೆ ಕುದುರೆ. ಆ ವರ್ಷದ ಡರ್ಬಿ ರೇಸ್ ಗೆದ್ದ ಕುದುರೆ. ಜೋರಾಗಿ ಹೋಗುವ ಚೆಂಡಿಗೆ ಇವರಿಟ್ಟುಕೊಂಡ ಗುಟ್ಟಿನ ಹೆಸರು. ಚಂದ್ರ ಮನಸ್ಸು ಬದಲಿಸಿದರು. ಎಡ್ರಿಚ್ ಬ್ಯಾಟು ಕೆಳಗಿಳಿಸುವಷ್ಟರಲ್ಲಿ ಸ್ಟಂಪು ಹೋಗಿತ್ತು.

ಈ ಕಥೆ ನನಗೆ ಯಾಕೆ ಇಷ್ಟ ಅಂದರೆ, ಸರ್ದೇಸಾಯಿ ಹೊಸ ವಿದ್ಯೆ ಏನೂ ಕಲಿಸಲಿಲ್ಲ. ಆ ಚೆಂಡು ಚಂದ್ರ ಅವರದೇ. ಆ ಗಳಿಗೆಯಲ್ಲಿ ಅದು ಅವರಿಗೆ ಹೊಳೆದಿರಲಿಲ್ಲ, ಗೆಳೆಯನಿಗೆ ಹೊಳೆಯಿತು. ನಿನ್ನ ಕೈಯಲ್ಲಿ ಇಂಥದ್ದೊಂದು ಇದೆಯಲ್ಲ ಮಾರಾಯ, ಮರೆತೆಯಾ ಅಂತ ಒಂದೇ ಮಾತಿನಲ್ಲಿ ನೆನಪು ಮಾಡಿದರು. ಅದಕ್ಕೆ ಒಟ್ಟಿಗೆ ಹರಟೆ ಹೊಡೆದಿರಬೇಕು, ಕುದುರೆ ಹೆಸರು ಹೇಳಿ ನಕ್ಕಿರಬೇಕು. ಸುಮ್ನೆ ಕಳೆದ ಹೊತ್ತು ಅಂತ ಮನೆಯಲ್ಲಿ ಬೈಸಿಕೊಳ್ಳುತ್ತೀರಲ್ಲ, ಅದು ಹೀಗೆ ಎಲ್ಲೋ ಕೈ ಹಿಡಿಯುತ್ತದೆ.

ಇಂಗ್ಲೆಂಡ್ 101ಕ್ಕೆ ಆಲೌಟ್. ಚಂದ್ರ 38 ರನ್ ಕೊಟ್ಟು 6 ವಿಕೆಟ್. ಕೊನೆಯ ದಿನ ಗಣೇಶ ಚೌತಿ. ನಮ್ಮವರು ಮೃಗಾಲಯದಿಂದ ಬೆಲ್ಲಾ ಅನ್ನುವ ಆನೆಯನ್ನು ಮೈದಾನಕ್ಕೇ ಕರೆತಂದಿದ್ದರು! ನಾಲ್ಕು ವಿಕೆಟ್‌ಗಳಿಂದ ಗೆದ್ದೆವು. ಆನೆ ಬಗ್ಗೆ ಹೇಳುತ್ತಾ ಹೋದರೆ ನಿಮ್ಮ ಊಟ ತಪ್ಪುತ್ತದೆ.

ಗುಂಡಪ್ಪ ವಿಶ್ವನಾಥ್ ಅವರದೂ ಇಂಥದ್ದೇ. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸ್ ಸೊನ್ನೆ. ಇಪ್ಪತ್ತರ ಹುಡುಗ. ನಾಯಕ ಪಟೌಡಿ ಬಂದು ಚಿಂತೆ ಮಾಡಬೇಡ, ಸೆಂಚುರಿ ಹೊಡೀತೀಯ ಅಂದರಂತೆ. ಎರಡನೇ ಇನ್ನಿಂಗ್ಸಿನಲ್ಲಿ 137. ಪಟೌಡಿ ಅವರಿಗೆ ಭವಿಷ್ಯ ಗೊತ್ತಿತ್ತಾ? ಇಲ್ಲ. ಸೊನ್ನೆ ಸುತ್ತಿದ ಹುಡುಗನಿಗೆ ಕೈಗಡ ಕೊಟ್ಟರು, ಅಷ್ಟೇ.

ದೊಡ್ಡವರ ಕಥೆ ಸಾಕು. ನನ್ನದು ಹೇಳುತ್ತೇನೆ. ನನಗೆ ಚಿಕ್ಕಂದಿನಲ್ಲಿ ಉಗ್ಗು ಇತ್ತು. ಹಾಜರಿ ಕೂಗುವಾಗ ‘ಪ್ರೆಸೆಂಟ್ ಸಾರ್’ ಅನ್ನಲು ಆಗುತ್ತಿರಲಿಲ್ಲ. ‘ಪ’ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕಣ್ಣೆದುರೇ ಕೂತಿದ್ದರೂ ಒಬ್ಬ ಮೇಷ್ಟ್ರು ಆಬ್ಸೆಂಟ್ ಹಾಕುತ್ತಿದ್ದರು. ಆ ನೋವು ಐವತ್ತು ವರ್ಷವಾದರೂ ಪೂರ್ತಿ ಹೋಗಿಲ್ಲ.

ನನ್ನ ಪಕ್ಕ ಕೂರುತ್ತಿದ್ದವನು ಸೈಕಲ್ ಶಾಪಿನವರ ಮಗ. ಊರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಆಯಿತು. ಮೈಕ್ ಸೆಟ್ಟು ಬಾಡಿಗೆಗೆ ತಂದಿದ್ದರು. ಕಾಮೆಂಟರಿ ಹೇಳಬೇಕಿದ್ದವನು ಬರಲಿಲ್ಲ. ಇವನು ಸೀದಾ ಬಂದು ಮೈಕನ್ನು ನನ್ನ ಕೈಗಿಟ್ಟ. ನಾನು ಬೆವತುಹೋದೆ. ಅವನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: ‘ಸಿಕ್ಕಿಕೊಂಡ್ರೆ ಸುಮ್ನಿರು. ಮುಂದಿನ ಬಾಲ್ ಹಾಕೋವರೆಗೂ ಟೈಮ್ ಇದ್ಯಲ್ಲ, ಅಷ್ಟರಲ್ಲಿ ಬರುತ್ತೆ.’

ಎಂಥ ಮಾತು, ಅಲ್ವಾ? ಧೈರ್ಯ ತಗೋ ಅನ್ನಲಿಲ್ಲ. ನಿನಗೇನೂ ಆಗಿಲ್ಲ ಅಂತ ಸುಳ್ಳೂ ಹೇಳಲಿಲ್ಲ. ಸಿಕ್ಕಿಕೊಳ್ಳುತ್ತೀಯ, ಅದಕ್ಕೆ ಜಾಗ ಇದೆ ಅಂದ. ಅವತ್ತು ಹತ್ತು ಸಲ ಸಿಕ್ಕಿಕೊಂಡೆ. ಯಾರೋ ನಕ್ಕರು. ಇವನು ನನ್ನ ಪಕ್ಕದಿಂದ ಕದಲಲಿಲ್ಲ. ಸಂಜೆ ಹೊತ್ತಿಗೆ ಗೆದ್ದ ತಂಡದ ಹೆಸರನ್ನು ನಾನೇ ಕೂಗಿದೆ. ಇವತ್ತೂ ಮಾತಿನ ನಡುವೆ ಅಲ್ಲಲ್ಲಿ ನಿಲ್ಲುತ್ತೇನಲ್ಲ, ಆಗೆಲ್ಲ ನಾನು ಮುಂದಿನ ಬಾಲ್‌ಗೆ ಕಾಯುತ್ತಿರುತ್ತೇನೆ.

ಅವನು ಈಗಲೂ ಊರಲ್ಲೇ ಇದ್ದಾನೆ. ಒಮ್ಮೆ ಈ ಸಾಲ ಹೇಗೆ ತೀರಿಸಲಿ ಅಂತ ಕೇಳಿದೆ. ಅವನಿಗೆ ಆ ದಿನ ನೆನಪೇ ಇರಲಿಲ್ಲ. ಕೈಗಡದಲ್ಲಿ ಹೀಗೂ ಆಗುತ್ತದೆ. ಕೊಟ್ಟವರು ಮರೆಯುತ್ತಾರೆ. ಹಾಗಾಗಿ ಬೇರೆ ಯಾರಿಗಾದರೂ ಕೊಡಬೇಕು. ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ ಹಾಜರಿಗೆ ಕೈ ಎತ್ತಿದರೂ ಸಾಕು ಅಂತ ನನ್ನ ತರಗತಿಯಲ್ಲಿ ನಿಯಮ ಮಾಡಿದೆ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಒಂಟಿತನದ ಬಗ್ಗೆ, ಮೊಬೈಲಿನಲ್ಲಿರುವ ಗೆಳೆಯರ ಬಗ್ಗೆ ಎರಡು ಹಾಳೆ ಹಾಗೇ ಉಳಿದವು. ಇರಲಿ. ಇನ್ನೊಂದು ಚೀಟಿಗೆ ಮಾತ್ರ ಉತ್ತರ ಹೇಳಿ ಇಳಿಯುತ್ತೇನೆ. ‘ಬದುಕಿಗೆ ಅರ್ಥ ಏನು ಸಾರ್?’ ದೊಡ್ಡ ಪ್ರಶ್ನೆ. ನನಗೆ ಒಂದು ಸಣ್ಣ ತುಂಡು ಮಾತ್ರ ಗೊತ್ತು. ಆಬ್ಸೆಂಟ್ ಅಂತ ಬರೆಸಿಕೊಂಡ ಹುಡುಗನ ಪಕ್ಕ ಒಬ್ಬ ಕೂತಿದ್ದ. ನನ್ನ ಬದುಕಿಗೆ ಅರ್ಥ ಅಲ್ಲಿಂದ ಬಂತು.

ಮೂರನೇ ಚೀಟಿ ಇದೆ. ಅದನ್ನು ಇಲ್ಲಿ ಓದುವುದಿಲ್ಲ. ಮೂರೇ ಮೂರು ಸಾಲು, ನೀಲಿ ಇಂಕು. ಬರೆದವರಿಗೆ ಗೊತ್ತಾಗುತ್ತದೆ. ಊಟಕ್ಕೆ ನಾನು ಕೊನೆಯ ಪಂಕ್ತಿಯಲ್ಲಿ ಕೂರುತ್ತೇನೆ. ಪಕ್ಕದ ಎಲೆ ಖಾಲಿ ಇಟ್ಟಿರುತ್ತೇನೆ. ಮಾತಾಡಲೇಬೇಕು ಅಂತಿಲ್ಲ, ಬನ್ನಿ.