ಮುಟ್ಟದೆಯೇ ಕೊಲ್ಲುವ ಫಂಗಸ್: ಚಕ್ಕೆ ಮರದೊಳಗೆ ಏನಿದೆ?

[ದೃಶ್ಯ: ದಾಲ್ಚಿನ್ನಿ ಮರದ ರೆಂಬೆ]

ನಮಸ್ಕಾರ. ಅಡುಗೆಮನೆ ಡಬ್ಬಿಯಲ್ಲಿರುವ ಚಕ್ಕೆ ಈ ಮರದ ತೊಗಟೆ. ಇದರ ಒಳಗೆ ಬದುಕುವ ಒಂದು ಫಂಗಸ್ ಬಗ್ಗೆ ಇವತ್ತು ಹೇಳ್ತೀನಿ.

ಫಂಗಸ್ ಅಂದ ತಕ್ಷಣ ಮರಕ್ಕೆ ರೋಗ ಅಂದುಕೊಳ್ಳಬೇಡಿ. ಚೆನ್ನಾಗಿರುವ ಎಲೆ, ತೊಗಟೆ, ಬೇರಿನೊಳಗೂ ಫಂಗಸ್ ಇರುತ್ತದೆ. ಮರಕ್ಕೆ ಕಾಯಿಲೆ ತರದೆ ಒಳಗೇ ಬದುಕುವ ಇವುಗಳನ್ನು ಎಂಡೋಫೈಟ್ ಎನ್ನುತ್ತಾರೆ.

ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ಬೆಳೆದಿದ್ದ ದಾಲ್ಚಿನ್ನಿ ಮರದ ರೆಂಬೆಗಳು ಅಮೆರಿಕದ ಮೊಂಟಾನಾ ಸ್ಟೇಟ್ ಯೂನಿವರ್ಸಿಟಿಯ ವಿಜ್ಞಾನಿ ಗ್ಯಾರಿ ಸ್ಟ್ರೋಬೆಲ್ ಅವರ ಲ್ಯಾಬಿಗೆ ಬಂದವು. ಅಲ್ಲಿ ನುಸಿ ಕಾಟ. ಅದಕ್ಕೇ ಫಂಗಸ್ ಬೆಳೆಸುತ್ತಿದ್ದ ತಟ್ಟೆಗಳನ್ನು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು. ಆಮೇಲೆ ನೋಡಿದರೆ ಒಂದು ಬಿಳಿ ಫಂಗಸ್ ಮಾತ್ರ ಬೆಳೆಯುತ್ತಿತ್ತು, ಉಳಿದವು ಹೆಚ್ಚುಕಡಿಮೆ ಎಲ್ಲ ಸತ್ತಿದ್ದವು. ತಟ್ಟೆಗಳು ಬೇರೆ ಬೇರೆ, ಅಲ್ವಾ? ಹಾಗಾದರೆ ಕೊಂದದ್ದು ಗಾಳಿಯಲ್ಲಿ ಹರಡಿದ ಏನೋ ಒಂದು.

[ದೃಶ್ಯ: ಬಿಳಿ ಫಂಗಸ್, ಸುತ್ತ ಖಾಲಿ ತಟ್ಟೆಗಳು]

ಅದೇ ಮಸ್ಕೋಡರ್ ಆಲ್ಬಸ್. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಬಿಡುವ ಅನಿಲವನ್ನು ಬಿಡಿಸಿ ನೋಡಿದರು. ಐದು ಬಗೆಯ ರಾಸಾಯನಿಕಗಳು ಸಿಕ್ಕವು. ಅವುಗಳಲ್ಲಿ ಜಾಸ್ತಿ ಪರಿಣಾಮಕಾರಿಯಾದದ್ದು ಎಸ್ಟರ್ ಎಂಬ ಬಗೆಗೆ ಸೇರಿದ, ಬಾಳೆಹಣ್ಣಿನ ವಾಸನೆಯ ಒಂದು ರಾಸಾಯನಿಕ. ಆದರೆ ಯಾವ ಬಗೆಯೂ ಒಂಟಿಯಾಗಿ ಕೊಲ್ಲಲಿಲ್ಲ. ಎಲ್ಲವೂ ಸೇರಿದಾಗ ಮಾತ್ರ ಗಿಡಗಳಿಗೂ ಮನುಷ್ಯರಿಗೂ ರೋಗ ತರುವ ಹಲವು ಫಂಗಸ್, ಬ್ಯಾಕ್ಟೀರಿಯಾ ಸತ್ತವು. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ನಾವು ಸಾಮಾನ್ಯವಾಗಿ ಔಷಧಿಗೆ ಒಂದೇ ಒಂದು ಅಂಶ ಹುಡುಕುತ್ತೇವೆ. ಇಲ್ಲಿ ಕೆಲಸ ಮಾಡಿದ್ದು ಇಡೀ ಗುಂಪು.

ನಮ್ಮ ಪಶ್ಚಿಮ ಘಟ್ಟದ ಬಿಲ್ವದ ಮರದಲ್ಲೂ ಇದೇ ಕುಲದ ಫಂಗಸ್ ಸಿಕ್ಕಿದೆ. 2013ರಲ್ಲಿ ಅದಕ್ಕೆ ಮಸ್ಕೋಡರ್ ಕಷಾಯಂ ಎಂದು ಹೆಸರಿಟ್ಟರು.

ಫಂಗಸ್ ಮರದ ಒಳಗಿನದೇ ಅಂತ ತಿಳಿಯುವುದು ಹೇಗೆ? ತುಂಡನ್ನು ಸ್ಪಿರಿಟ್, ಬ್ಲೀಚ್‌ನಲ್ಲಿ ತೊಳೆದು ಹೊರಗಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆ. ಕೊನೆಯ ಸಲ ತೊಳೆದ ನೀರನ್ನೂ ಬೇರೆ ತಟ್ಟೆಗೆ ಹಾಕಿಡುತ್ತಾರೆ. ಅಲ್ಲಿ ಏನಾದರೂ ಬೆಳೆದರೆ ತೊಳೆದದ್ದು ಸಾಲದು, ಮತ್ತೆ ಮೊದಲಿಂದ.

ಇಷ್ಟಕ್ಕೇ ಹೊಸ ಆ್ಯಂಟಿಬಯಾಟಿಕ್ ಸಿಕ್ಕಿತು ಅನ್ನುವ ಹಾಗಿಲ್ಲ. ತಟ್ಟೆಯಲ್ಲಿ ರೋಗಾಣು ಕೊಲ್ಲುವುದು ನಮ್ಮ ಜೀವಕೋಶಕ್ಕೂ ವಿಷವಾಗಬಹುದು. ಲ್ಯಾಬಿನಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ಕೆಲವು ಎಂಡೋಫೈಟ್‌ಗಳು ರೋಗಾಣು ಕೊಲ್ಲುವ ಅಂಶ ತಯಾರಿಸುವುದನ್ನೇ ಕಡಿಮೆ ಮಾಡುತ್ತವೆ. ಹಾಗಾಗಿ ಬೂಸ್ಟು ಹಿಡಿದ ತೊಗಟೆಯನ್ನು ಸುಮ್ನೆ ಕುದಿಸಿ ಕುಡಿಯಬೇಡಿ, ದಯವಿಟ್ಟು. ಮಸ್ಕೋಡರ್ ಆಲ್ಬಸ್ ಅನ್ನು ಕೂಡ ಮಾತ್ರೆಯಾಗಿ ಅಲ್ಲ, ಕೊಯ್ದಿಟ್ಟ ಸೇಬು, ಪೀಚ್ ಹಣ್ಣು ಕೊಳೆಯದಂತೆ ಕಾಯಲು ಪರೀಕ್ಷಿಸಿದ್ದಾರೆ.